ಹರಿದ ಪುಟದ ಒಂಟೆ

ಯಾರಾದರೂ ಪಕ್ಕದಲ್ಲಿ ಸುಣ್ಣ ಹಚ್ಚಿ ತಂಬಾಕು ತಿಕ್ಕಿದರೆ ನನಗೆ ಇವತ್ತಿಗೂ ಒಂಟೆ ನೆನಪಾಗುತ್ತದೆ.

ಅಂದು ಮಧ್ಯಾಹ್ನ ಕೊಣ್ಣೂರಿನ ನಮ್ಮ ಪಡಸಾಲೆಯಲ್ಲಿ ಓಣಿಯ ಮಂದಿಯೆಲ್ಲ ಕೂತಿದ್ದರು. ಗೋಕಾಕದಲ್ಲಿ ವೇಗದ ಓದು ಕಲಿಸುತ್ತಿದ್ದ ಸರ್, ಮಂದಿಯ ಕಡೆ ನೋಡುತ್ತಲೇ ನನ್ನ ಪುಸ್ತಕದ ಒಂದು ಪುಟ ತೆರೆದು ನನ್ನ ಮುಂದೆ ಹಿಡಿದರು. "ಹತ್ತು ಎಣಿಸೂದ್ರಾಗ ಪೂರಾ ಪುಟ ಈಕಿ ಕಣ್ಣಾಗ ಅಚ್ಚಾಗತೈತ್ರಿ," ಎಂದರು.

"ಕಣ್ಣಂದ್ರ ಛಾಪಖಾನಿ ಏನು?" ಮೂಲೆಯಲ್ಲಿದ್ದ ಅಜ್ಜಿ ಗೊಣಗಿದಳು. ಅವಳಿಗೆ ಓದು ಬರುತ್ತಿರಲಿಲ್ಲ.

ಪುಟ ನನ್ನೆದುರಿಗಿತ್ತು, ನಾನು ನೋಡುತ್ತಿದ್ದದ್ದು ಮಾತ್ರ ಅಪ್ಪನ ಮುಖವನ್ನು. ಆ ಪುಟವನ್ನು ಸರ್ ಎರಡು ದಿನ ಮೊದಲೇ ಬಾಯಿಪಾಠ ಮಾಡಿಸಿದ್ದರು. ಪುಸ್ತಕ ಮುಚ್ಚಿದ್ದೇ ತಡ, ಎಲ್ಲವನ್ನೂ ಗಡಗಡ ಒಪ್ಪಿಸಿ, "ಕೆಳಗೆ ನೀರು ಕುಡಿಯುವ ಒಂಟೆಯ ಚಿತ್ರವಿದೆ," ಎಂದು ಮುಗಿಸಿದೆ. ಚಪ್ಪಾಳೆ ಬಿತ್ತು. ಅಪ್ಪ ಎಲ್ಲರ ಮುಖ ನೋಡಿ ನಕ್ಕ.

ಮಂದಿ ಹೋದ ಮೇಲೆ ಅಜ್ಜಿ ನನ್ನನ್ನು ಹಿತ್ತಲಿಗೆ ಕರೆದು ಎಲೆ-ಅಡಿಕೆಯ ಚಂಚಿ ಬಿಚ್ಚಿದಳು. ತಂಬಾಕು ಕಟ್ಟಿದ್ದ ಕಾಗದ ಬಿಡಿಸಿದರೆ, ಅದರಲ್ಲಿ ಒಂಟೆ ನೀರು ಕುಡಿಯುತ್ತಿತ್ತು.

"ಎರಡು ದಿನದಿಂದ ಒಂದ ಪುಟ ಹಿಡ್ಕೊಂಡು ಗುಣುಗುಣು ಅನ್ನಾಕತ್ತಿದ್ದಿ. ಇವತ್ತ ಮುಂಜಾನೆ ಅದರಾಗಿನ ಒಂಟಿ ಹರ್ಕೊಂಡೆ," ಎಂದಳು.

ಮತ್ತೆ ತಂಬಾಕು ಸುತ್ತಿ ಚಂಚಿ ಕಟ್ಟಿದಳು.

"ನಿಮ್ಮಪ್ಪಗ ಹೇಳಬ್ಯಾಡ. ಅಂವಾ ಭಾಳ ದಿನಕ್ಕ ನಕ್ಕಾನ."