ಯುದ್ಧ ಕಂಡ ಬ್ಯಾಗು

ಹಳೆಯ ಬ್ಯಾಗಿನ ಹೊಲಿಗೆ ಬೆಟ್ಟದ ಮೇಲೆ ಬಿಚ್ಚಿಕೊಂಡು, ವಾರವಿಡೀ ಕೂಡಿಸಿದ್ದ ಮಣ್ಣಿನ ಮಾದರಿಗಳೆಲ್ಲ ಹಳ್ಳದ ಪಾಲಾಗಿದ್ದವು. ಇನ್ನೊಮ್ಮೆ ಹೀಗಾದರೆ ಕೆಲಸ ಹೋದಂತೆಯೇ ಎಂದಿದ್ದರು ಸಾಹೇಬರು. ಆಫೀಸಿಗೂ ಕಾಡಿಗೂ ಆಗುವಂಥ ಗಟ್ಟಿ ಬ್ಯಾಗು ಹುಡುಕುತ್ತ ಮಿಲಿಟರಿ ಸಾಮಾನಿನ ಅಂಗಡಿಗೆ ಹೋದೆ.

ಒಳಗೆ ಒದ್ದೆ ನಾಯಿಯ ವಾಸನೆ. ಮುಟ್ಟಿದ್ದೆಲ್ಲ ಜಿಡ್ಡು. ಎಲೆಯಡಿಕೆಯ ರಸ ಚೆಲ್ಲದಂತೆ ಗದ್ದ ಎತ್ತಿಯೇ ಮಾತಾಡುವ ಅಂಗಡಿಯವನು ಎರಡು ಬ್ಯಾಗು ಮುಂದಿಟ್ಟ. ಒಂದು ಹೊಸದು, ಜೋಡಿ ಹೊಲಿಗೆಯದು. ಇನ್ನೊಂದು ಹಳೆಯದು, ಅದರ ಪಟ್ಟಿಯ ಮೇಲೆ ಒಣಗಿದ ಕೆಂಪು ಕಲೆ.

"ಥೂ, ಇದೇನ್ರೀ ಗಲೀಜು?"

"ಹಂಗನ್ಬೇಡಿ ತಾಯಿ. ಗಡೀಲಿ ಗುಂಡು ತಿಂದ ಯೋಧನ ರಕ್ತ ಅದು. ಅವ್ನು ಹೋದ, ಬ್ಯಾಗ್ ಮಾತ್ರ ಹರೀಲಿಲ್ಲ ನೋಡಿ."

ಅಜ್ಜಿಯ ಕತೆಗಳಲ್ಲಿ ಸತ್ತ ವೀರನ ಕತ್ತಿ ಹಿಡಿದವರಿಗೆ ಸೋಲೇ ಇರಲಿಲ್ಲ.

"ತೊಳೆದ್ರೆ ಹೋಗುತ್ತಾ?"

"ಅಯ್ಯೋ, ಅದನ್ನ ತೊಳೀತಾರೇನಮ್ಮಾ!"

ನಾಚಿಕೆಯಾಗಿ ಕೆನ್ನೆ ಕೆನ್ನೆ ಬಡಿದುಕೊಂಡೆ. ಆ ಕಲೆಯನ್ನು ಕಣ್ಣಿಗೊತ್ತಿ, ತುಟಿಗೂ ಮುಟ್ಟಿಸಿಕೊಂಡು, ಹೊಸದನ್ನು ಬಿಟ್ಟು ಹಳೆಯದನ್ನೇ ಹೆಗಲಿಗೇರಿಸಿದೆ.

ಬೀದಿಯ ತಿರುವಿನಲ್ಲಿ ಛತ್ರಿ ಮರೆತದ್ದು ನೆನಪಾಗಿ ಹಿಂದಿರುಗಿದೆ. ಅಂಗಡಿಯವನು ಬಾಗಿಲಿಗೆ ಬೆನ್ನು ಮಾಡಿ, ಮತ್ತೊಂದು ಬ್ಯಾಗಿನ ಪಟ್ಟಿಯನ್ನು ಬಾಯಿಯ ಹತ್ತಿರ ಹಿಡಿದು, ಪಿಚಕ್ಕನೆ ಉಗುಳಿ ಹೆಬ್ಬೆರಳಿನಿಂದ ತಿಕ್ಕುತ್ತಿದ್ದ.