ಇಳಿಜಾರಿನ ಟೆಂಪೊ

ಡೀಸೆಲ್ ವಾಸನೆಯ ಜೊತೆ ಒಣಮೆಣಸಿನಕಾಯಿಯ ಘಾಟು ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಸೀನಿಗಿಂತ ಮೊದಲು ನಗು ಬರುತ್ತದೆ.

ಮೇಡ್ಲೇರಿಯಲ್ಲಿ ನಮ್ಮದೊಂದು ಹಳೆಯ ಟೆಂಪೊ ಇತ್ತು. ಸುಲಭವಾಗಿ ಚಾಲೂ ಆಗುವುದಿಲ್ಲವೆಂದು ಅಪ್ಪ ಅದನ್ನು ಊರಬಾಗಿಲ ಅಗಸಿಯ ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸುತ್ತಿದ್ದರು. ಉರುಳಿಬಿಟ್ಟರೆ ಕೆಳಗಿನ ಸಮನೆಲ ಮುಟ್ಟಿದ ಮೇಲೆ ಎಂಜಿನ್ ಕೆಮ್ಮಿ ಏಳುತ್ತಿತ್ತು. ಆ ಮಧ್ಯಾಹ್ನ ಮೆಣಸಿನಕಾಯಿ ಚೀಲ ಹೇರಿ ಬ್ಯಾಡಗಿಗೆ ಹೊರಟಾಗ, ಕೆಳಗೆ ಯಾರೋ ಟ್ರೇಲರ್ ಅಡ್ಡ ನಿಲ್ಲಿಸಿ ಹೋಗಿದ್ದರು.

ಅಪ್ಪ ಕೀಲಿ ತಿರುವಿದರು. ಎಂಜಿನ್ ಗರಗರ ತಿರುಗಿತು, ಹೊತ್ತಿಕೊಳ್ಳಲಿಲ್ಲ.

“ಬ್ಯಾಟ್ರಿ ಹೊಸಾದೈತಿ. ಇದಕ್ಕ ಉರುಳೂದ ಬೇಕು,” ಎಂದರು.

ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಸೈಲೆನ್ಸರ್ ಹಿಂದೆ ನಿಂತಿದ್ದಳು. ಹೊಲದ ಡೀಸೆಲ್ ಪಂಪು ನಡೆಸುತ್ತಿದ್ದವಳು ಅವಳೇ.

“ಒಂದೀಟೂ ಹೊಗಿ ಬರವಲ್ದು. ಎಂಜಿನ್‌ಗೆ ಡೀಸೆಲ್ ಎಣ್ಣಿನ ಮುಟ್ಟವಲ್ದು. ಟಾಕ್ಯಾಗ ಎಷ್ಟೈತ್ರಿ?”

“ತಳದಾಗ ಐತಿ. ಬ್ಯಾಡಗಿ ಮುಟ್ಟಾಕ ಸಾಕು.”

“ಹಂಗಾರ ಓರೆ ನಿಲ್ಸಿದ್ದ ತಪ್ಪಾತು. ಇದ್ದ ಎಣ್ಣಿ ಮುಂದಿನ ಮೂಲಿಗೆ ಹೋಗೇತಿ, ಎಣ್ಣಿ ಎಳಿಯೂ ಹಿಂದಿನ ಪೈಪು ಗಾಳಿ ಎಳದೈತಿ.”

ಹೊಲದ ಪಂಪಿನ ಡೀಸೆಲ್ ಕ್ಯಾನು ತಂದು ಟಾಕಿಗೆ ಸುರಿದಳು. ಅಪ್ಪ ಗಂಟು ಮುಖದಲ್ಲೇ ಗಾಳಿ ಬಿಡುವ ಸ್ಕ್ರೂ ಸಡಿಲಿಸಿ ಎಂಜಿನ್ನಿನ ಕೈಪಂಪು ಒತ್ತಿದರು. ಮೊದಲು ಗುಳ್ಳೆಗಳು ಬಂದವು, ಆಮೇಲೆ ಬರೀ ಡೀಸೆಲ್. ಸ್ಕ್ರೂ ಬಿಗಿದು ಕೀಲಿ ತಿರುವಿದ್ದೇ ತಡ, ಟೆಂಪೊ ಇಡೀ ಓಣಿ ನಡುಗುವಂತೆ ಎದ್ದಿತು.

ಮರುದಿನ ಅಪ್ಪ ಅಗಸಿಯಲ್ಲಿ ಕೂತವರಿಗೆಲ್ಲ ಹೇಳುತ್ತಿದ್ದರು: “ಗಾಡಿ ಸಪಾಟ ನೆಲದಾಗ ನಿಲ್ಲಸ್ಬೇಕ್ರಿ. ನನ್ನ ಅನುಭವದ ಮಾತಿದು.”

ಅಲ್ಲಿ ಒಂದು ಮೆಣಸಿನಕಾಯಿಯೂ ಇರಲಿಲ್ಲ. ಆದರೂ ಹಿಂದೆ ನಿಂತಿದ್ದ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.