ಮೀನುಗಳ ಏಕಾದಶಿ

ಮೊನ್ನೆ ಮಗಳು ಸಾಕಿದ ಮೀನುಗಳಿಗೆಂದು ತಂದ ಆಹಾರದ ಡಬ್ಬಿ ತೆರೆದಾಗ, ಒಣಸೀಗಡಿಯಂಥ ಆ ವಾಸನೆಗೆ ಹಿಂದೂಪುರದ ನಮ್ಮ ಮನೆಯ ಒಂದು ಮಧ್ಯಾಹ್ನ ನೆನಪಾಯಿತು.

ಅಪ್ಪ ಎರಡು ಕಿತ್ತಳೆ ಬಣ್ಣದ ಮೀನು ತಂದು, ಮಗ್ಗದ ಪಕ್ಕದಲ್ಲೇ ಗಾಜಿನ ತೊಟ್ಟಿ ಇಟ್ಟಿದ್ದರು. ದಿನಕ್ಕೆ ಒಂದು ಚಿಟಿಕೆ ಆಹಾರ ಸಾಕೆಂದು ಅಂಗಡಿಯವನು ಹೇಳಿದ್ದ. ಐದನೆಯ ದಿನ ನೋಡಿದರೆ ನೀರು ಗಂಜಿಯಂತಾಗಿತ್ತು. ಮೀನುಗಳು ಹೊಟ್ಟೆ ಊದಿಸಿಕೊಂಡು ಓರೆಯಾಗಿ ತೇಲುತ್ತಿದ್ದವು. ನಾನು ಜೋರಾಗಿ ಅತ್ತೆ.

ಅಪ್ಪ ಮಗ್ಗ ನಿಲ್ಲಿಸಿ ವಿಚಾರಣೆಗೆ ಕುಳಿತರು. ನಾನು ದಿನಾ ಒಂದೇ ಚಿಟಿಕೆ ಹಾಕುತ್ತಿದ್ದೆ. ಅಮ್ಮನೂ ಒಂದೇ ಚಿಟಿಕೆ. ತಾವೂ ಒಂದು ಹಾಕುತ್ತಿದ್ದುದನ್ನು ಅಪ್ಪ ಮೆಲ್ಲಗೆ ಒಪ್ಪಿಕೊಂಡರು.

"ನಾನಂತೂ ಆ ಪುಡಿ ಮುಟ್ಟಿಲ್ಲ ಕಣಪ್ಪ" ಎಂದರು ಅಜ್ಜಿ. "ಒಸಿ ಮುದ್ದೆ ಇಕ್ಕಿದೆ, ಅಷ್ಟೇಯ. ನನ್ನ ಕಂಡ್ರೆ ಬಾಯಿ ಬಿಡ್ತಾವೆ, ಪಾಪಂ!"

ಅಪ್ಪ ನೀರು ಬದಲಿಸಿ, ನಾಳೆ ಸಂಜೆಯವರೆಗೆ ಯಾರೂ ಏನೂ ಹಾಕಕೂಡದೆಂದರು.

"ಮನೆಗೆ ತಂದು ಉಪಾಸ ಕೆಡವ್ತೀಯೇನ್ಲಾ?" ಅಜ್ಜಿ ರೇಗಿದರು.

"ಏಕಾದಶಿ ಅಂದ್ಕಳಮ್ಮ" ಎಂದರು ಅಪ್ಪ.

ಅಜ್ಜಿ ಅದನ್ನು ನಿಜವೆಂದೇ ತೆಗೆದುಕೊಂಡರು. ಮರುದಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ತೊಟ್ಟಿಯ ಮುಂದೆಯೇ ಕುಳಿತರು. ಕಾಫಿ ಮಾತ್ರ ಎರಡು ಸಲ ಕುಡಿದರು. "ಅವಕ್ಕೆ ನೀರೈತಲ್ಲ" ಎಂದು ನನಗೆ ಸಮಜಾಯಿಷಿ ಕೊಟ್ಟರು.

ಸಂಜೆ ಹೊತ್ತಿಗೆ ಮೀನುಗಳು ನೆಟ್ಟಗಾಗಿ ಈಜತೊಡಗಿದವು. ಅಜ್ಜಿ ಕಣ್ಣೊರೆಸಿಕೊಂಡು ಅಡುಗೆಮನೆಯ ಕಡೆ ತಿರುಗಿ ಅಮ್ಮನನ್ನು ಕೂಗಿದರು:

"ಬಡಿಸಮ್ಮ, ನಮ್ ಮೂರು ಜನಕ್ಕೂ."